ಅತ್ತೆಯ ಮಾತ್ರೆ, ಅತ್ತೆಯ ಮಾತು

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಕೆಲಸದಿಂದ ಮನೆಗೆ ಬಂದಳೆಂದರೆ ಅವಳಿಗಿಂತ ಮೊದಲು ಅವಳ ವಾಸನೆ ಬರುತ್ತಿತ್ತು. ಬಿಸಿ ಬಟ್ಟೆಯ ವಾಸನೆ. ಗಂಜಿ, ಸಾಬೂನು, ಹಬೆ ಎಲ್ಲ ಬೆರೆತದ್ದು. ಮೂರನೇ ಮಹಡಿಯ ನಮ್ಮ ಎರಡು ಕೋಣೆಯ ಮನೆಗೆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಆದರೂ ಬಾಗಿಲಲ್ಲೇ ನಿಂತು, "ಯಾರಾದ್ರೂ ಬದುಕಿದ್ದೀರಾ ಒಳಗೆ?" ಎಂದು ಕೂಗದೆ ಚಪ್ಪಲಿ ಬಿಡುತ್ತಿರಲಿಲ್ಲ. ನಾನು ಓಡಿಹೋಗಿ ಅವಳ ಸೊಂಟಕ್ಕೆ ಮುಖ ಒತ್ತಿಕೊಂಡು ನಿಲ್ಲುತ್ತಿದ್ದೆ. ಅವಳು ತೀರಿಕೊಂಡು ಇಷ್ಟು ಕಾಲವಾಯಿತು. ಇವತ್ತಿಗೂ ಯಾವುದಾದರೂ ಲಾಂಡ್ರಿಯ ಮುಂದೆ ಹಾದುಹೋಗುವಾಗ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ.

ದೊಡ್ಡದೊಂದು ಹೋಟೆಲಿನ ನೆಲಮಾಳಿಗೆಯಲ್ಲಿತ್ತು ಅವಳ ಇಸ್ತ್ರಿಮನೆ. ಮೇಲಿನ ಮಹಡಿಗಳ ಕೋಣೆಗಳಿಂದ ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಟವೆಲ್ಲು ಎಲ್ಲ ಒಂದು ತಗಡಿನ ಜಾರುಗೊಳವೆಯಲ್ಲಿ ದಬದಬನೆ ಕೆಳಗೆ ಬಂದು ಬೀಳುತ್ತಿದ್ದವು. ಒಗೆದು ಹಿಂಡಿದ ಹೊದಿಕೆಗಳನ್ನು ಕಾದ ಉರುಳೆಗಳ ನಡುವೆ ತೂರಿಸುವ ಯಂತ್ರಕ್ಕೆ ಅತ್ತೆಯೇ ಒಡತಿ. ಈ ಕಡೆಯಿಂದ ಅವಳು ಒದ್ದೆ ಬಟ್ಟೆ ಕೊಟ್ಟರೆ, ಆ ಕಡೆ ನಿಂತ ಉದ್ದಕ್ಕ ಎಂಬ ಅಡ್ಡಹೆಸರಿನ ಗೆಳತಿ ಹಪ್ಪಳದಂತೆ ಗರಿಗರಿಯಾದದ್ದನ್ನು ಎಳೆದುಕೊಳ್ಳುತ್ತಿದ್ದಳು. ಗೋಡೆಯ ಮೇಲ್ಭಾಗದಲ್ಲಿ ಒಂದೇ ಒಂದು ಅಡ್ಡ ಕಿಟಕಿ. ಅದು ಬೀದಿಯ ಮಟ್ಟಕ್ಕಿದ್ದುದರಿಂದ ಓಡಾಡುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಶಾಲೆಗೆ ರಜೆಯಿದ್ದಾಗ ನನ್ನನ್ನೂ ಕರೆದುಕೊಂಡು ಹೋಗಿ ಟವೆಲ್ಲಿನ ರಾಶಿಯ ಮೇಲೆ ಕೂರಿಸುತ್ತಿದ್ದಳು. "ನೋಡು, ಆ ಕಂದು ಬೂಟು ಇವತ್ತೂ ತಡವಾಗಿ ಆಫೀಸಿಗೆ ಹೋಗ್ತಿದೆ. ಹೆಂಡತಿ ಹತ್ರ ಬೈಸಿಕೊಂಡು ಬಂದಿರಬೇಕು, ಹಿಮ್ಮಡಿ ನೋಡು ಹೇಗೆ ಕುಟ್ತಿದೆ!" ಎನ್ನುತ್ತಿದ್ದಳು. ಇಡೀ ಇಸ್ತ್ರಿಮನೆ ನಗುತ್ತಿತ್ತು.

ಅತ್ತೆ ಮದುವೆಯಾಗಲಿಲ್ಲ. ಯಾರಾದರೂ ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು: "ಊರಿನವರ ಹಾಸಿಗೆ ಹೊದಿಕೆಯೆಲ್ಲ ಒಗೆದಿದ್ದೀನಿ. ಗಂಡಸರ ವಿಷಯ ತಿಳ್ಕೊಬೇಕಾದ್ದೆಲ್ಲ ತಿಳ್ಕೊಂಡಿದ್ದೀನಿ." ಅಜ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಓಡುತ್ತಿದ್ದಳು.

ನಾನು ಪ್ರೌಢಶಾಲೆಗೆ ಸೇರಿದ ವರ್ಷ, ಒದ್ದೆ ಬಟ್ಟೆ ತುಂಬಿದ ತಳ್ಳುಗಾಡಿ ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ ಅತ್ತೆಯನ್ನು ಗೋಡೆಗೆ ಒತ್ತಿಬಿಟ್ಟಿತು. ಬೆನ್ನಿಗೆ ಬಲವಾದ ಪೆಟ್ಟು. ಡಾಕ್ಟರು ಕೆಲವು ವಾರ ಮಲಗಿರಬೇಕೆಂದು ಹೇಳಿ ನೋವಿನ ಮಾತ್ರೆ ಬರೆದುಕೊಟ್ಟರು. ಒಳ್ಳೆಯ ಡಾಕ್ಟರು, ಸರಿಯಾದ ಮಾತ್ರೆ. ತಪ್ಪು ಯಾರದೂ ಅಲ್ಲ. ಬೆನ್ನು ವಾಸಿಯಾಯಿತು, ಅತ್ತೆ ಕೆಲಸಕ್ಕೆ ಹೋದಳು. ಮಾತ್ರೆ ಮಾತ್ರ ಉಳಿದುಕೊಂಡಿತು.

ಅದೇಕೆ ಉಳಿಯಿತೆಂದು ಬಹಳ ವರ್ಷಗಳ ಮೇಲೆ ಅವಳೇ ನನಗೆ ಹೇಳಿದ್ದಳು. "ಮೊದಲನೇ ಮಾತ್ರೆ ನುಂಗಿದಾಗ ಬೆನ್ನು ನೋವು ಹೋಯ್ತು, ಅದು ಸರಿ. ಅದರ ಜೊತೆಗೆ, ಹುಟ್ಟಿದಾಗಿನಿಂದ ನನ್ನೊಳಗೆ ಗಡಿಬಿಡಿ ಮಾಡ್ತಾ ಓಡಾಡ್ತಿದ್ದ ಯಾರೋ ಒಬ್ಬಳು ಸುಮ್ನೆ ಕೂತ್ಕೊಂಡ್ಳು ಪುಟ್ಟಿ. ಅವಳು ಅಲ್ಲಿದ್ಳು ಅಂತ ಗೊತ್ತಾಗಿದ್ದೇ ಅವಳು ಕೂತಮೇಲೆ. ಆಮೇಲೆ ಅವಳನ್ನ ಎಬ್ಬಿಸೋಕೆ ನನಗೆ ಭಯ."

ಹೊರಗಿನಿಂದ ನೋಡುವವರಿಗೆ ಇದೆಲ್ಲ ಎಲ್ಲಿ ಕಾಣಬೇಕು? ನಮಗೆ ಕಂಡದ್ದು ಬೇರೆ. ಊಟದ ಮಧ್ಯೆ ತುತ್ತು ಕೈಯಲ್ಲೇ ಇರುವಂತೆ ತೂಕಡಿಸುವ ಅತ್ತೆ. ಬಾಗಿಲಲ್ಲಿ ನಿಂತು ಕೂಗುವುದನ್ನು ಮರೆತ ಅತ್ತೆ. ನನ್ನ ಜಡೆ ಹೆಣೆಯುತ್ತ ಅರ್ಧದಲ್ಲೇ ಕೈಬಿಟ್ಟು ಗೋಡೆ ನೋಡುವ ಅತ್ತೆ. ಸಣ್ಣ ಮಾತಿಗೆ ಕಿಡಿಕಾರಿ, ಮರುಗಳಿಗೆಯಲ್ಲಿ ಅಳುವ ಅತ್ತೆ. ಔಷಧಿ ಅಂಗಡಿಗಳನ್ನು ಬದಲಾಯಿಸುವುದರಲ್ಲಿ ಅವಳು ಪಳಗಿಬಿಟ್ಟಳು. ಒಂದು ಅಂಗಡಿಗೆ ಅಜ್ಜಿಯ ಕನ್ನಡಕ ಹಾಕಿಕೊಂಡು ಹೋಗುತ್ತಿದ್ದಳಂತೆ, ಗುರುತು ಸಿಗದಿರಲಿ ಎಂದು. ಆ ಕನ್ನಡಕದಲ್ಲಿ ಅವಳಿಗೆ ಮೆಟ್ಟಿಲೇ ಕಾಣದೆ ಎಡವಿ, ಅಂಗಡಿಯವನೇ ಎತ್ತಿ ಕೂರಿಸಿದ್ದನಂತೆ. ಮುಂದೆ ಈ ಕಥೆ ಹೇಳಿ ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು. ಅದು ನಡೆಯುತ್ತಿದ್ದ ಕಾಲದಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಅಜ್ಜಿ ತನ್ನ ಕನ್ನಡಕ ಕಾಣೆಯಾದಾಗಲೆಲ್ಲ ಏನೂ ಕೇಳದೆ ಸುಮ್ಮನೆ ಕುಳಿತಿರುತ್ತಿದ್ದಳು.

ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ವಿಷಯಕ್ಕೆ ನಮ್ಮ ಮನೆಯಲ್ಲಿದ್ದದ್ದು ಒಂದೇ ಪದ, ಅಜ್ಜಿ ಕೊಟ್ಟದ್ದು: ಸುಸ್ತು. "ಅವಳಿಗೆ ಸುಸ್ತು, ಮಲಗಿದ್ದಾಳೆ." "ಸುಸ್ತಲ್ಲಿ ಏನೋ ಅಂದುಬಿಟ್ಟಳು, ಮನಸ್ಸಿಗೆ ಹಚ್ಕೋಬೇಡಿ." ಹೀಗೆ ವರ್ಷಗಟ್ಟಲೆ ನಡೆಯಿತು. ನಾನು ಓದು ಮುಗಿಸಿ ಚಪ್ಪಲಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರುವವರೆಗೂ ಅತ್ತೆಗೆ ಸುಸ್ತೇ ಇತ್ತು.

ಒಂದು ದಿನ ಉದ್ದಕ್ಕ ನನ್ನ ಅಂಗಡಿಗೆ ಓಡಿಬಂದಳು. ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಅತ್ತೆ ಯಂತ್ರದ ಮುಂದೆ ನಿಂತಲ್ಲೇ ತೂಕಡಿಸಿ, ಮುಂಗೈಯನ್ನು ಕಾದ ಉರುಳೆಗೆ ಆನಿಸಿಬಿಟ್ಟಿದ್ದಳು. ಉದ್ದಕ್ಕ ಯಂತ್ರ ನಿಲ್ಲಿಸಿ ಅವಳನ್ನು ಎಳೆದಿದ್ದಳು. "ಕೂಗಲೇ ಇಲ್ಲ ಕಣೇ," ಎಂದಳು ಉದ್ದಕ್ಕ. "ಚರ್ಮ ಸುಡ್ತಿದೆ, ಅವಳು ನನ್ನ ಮುಖ ನೋಡ್ತಾ ನಿಂತಿದ್ದಾಳೆ, ಏನಾಯ್ತು ಅನ್ನೋ ಹಾಗೆ."

ಅಪ್ಪನೂ ನಾನೂ ಆಸ್ಪತ್ರೆಗೆ ಹೋದೆವು. ಚಿಕ್ಕ ಕೋಣೆ, ಬಿಳಿ ಪರದೆ, ಮೂಲೆಯಲ್ಲಿ ಕೈತೊಳೆಯುವ ಬೋಗುಣಿ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಗಾಯ ಒರೆಸುತ್ತ, "ಇಷ್ಟು ಸುಟ್ಟಿದೆ, ನೋವಾಗ್ಲಿಲ್ವಾ ನಿಮಗೆ?" ಎಂದು ಕೇಳಿದಳು.

ಅಪ್ಪ ಮೆಟ್ಟಿಲಲ್ಲೇ ಉತ್ತರ ಜೋಡಿಸಿಕೊಂಡು ಬಂದಿದ್ದ. "ಅಕ್ಕನಿಗೆ ಕೆಲಸ ಜಾಸ್ತಿ ಡಾಕ್ಟ್ರೇ. ಸುಸ್ತು."

ಅತ್ತೆ ತಲೆಯೆತ್ತಿ ತಮ್ಮನನ್ನು ನೋಡಿದಳು. ಆಮೇಲೆ ಡಾಕ್ಟರನ್ನು ನೋಡಿದಳು. "ಸುಸ್ತಲ್ಲ," ಎಂದಳು. "ಮಾತ್ರೆ. ನೋವಿನ ಮಾತ್ರೆ. ಬಿಡೋಕಾಗ್ತಿಲ್ಲ ನನ್ನ ಕೈಲಿ."

ಅಪ್ಪ ಬಾಗಿಲ ಕಡೆ ನೋಡಿದ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ. ಡಾಕ್ಟರಮ್ಮನ ಮುಖದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಹತ್ತಿಯ ಉಂಡೆ ಬುಟ್ಟಿಗೆ ಹಾಕಿ, "ದಿನಕ್ಕೆ ಎಷ್ಟು ತಗೋತೀರಿ?" ಎಂದಳು.

"ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಅಂತ ಕೇಳಿದ ಹಾಗೆ ಕೇಳಿದ್ಳು," ಎಂದು ಅತ್ತೆ ಜೀವನವಿಡೀ ಆ ಡಾಕ್ಟರಮ್ಮನನ್ನು ನೆನೆಯುತ್ತಿದ್ದಳು. "ಅಯ್ಯೋ ಅನ್ನಲಿಲ್ಲ, ಛೀ ಅನ್ನಲಿಲ್ಲ. ಅವಳು ಅಯ್ಯೋ ಅಂದಿದ್ರೂ ನಾನು ಸುಳ್ಳು ಲೆಕ್ಕ ಹೇಳಿಬಿಡ್ತಿದ್ದೆ."

ಇದಕ್ಕೆಂದೇ ಒಂದು ವಾರ್ಡು ಇದೆ, ಒಮ್ಮೆಲೇ ಬಿಟ್ಟರೆ ದೇಹ ತಡೆಯುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಕೆಲವು ವಾರ ಅಲ್ಲೇ ಇರಬೇಕು ಎಂದಳು ಡಾಕ್ಟರಮ್ಮ. ಅತ್ತೆ ಒಪ್ಪಿದಳು.

ಈಗ ಜನಕ್ಕೆ ಏನು ಹೇಳುವುದು ಎಂಬ ದೊಡ್ಡ ತಲೆನೋವು ಮನೆಯವರಿಗೆ. ಅಜ್ಜಿಯೇ ಪರಿಹಾರ ಹುಡುಕಿದಳು. "ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಅನ್ನೋಣ. ಹವಾ ಬದಲಾವಣೆಗೆ." ನಮಗೆ ಅಂಥ ಚಿಕ್ಕಮ್ಮ ಯಾರೂ ಇರಲಿಲ್ಲ, ಆದರೂ ಎಲ್ಲರೂ ತಲೆಯಾಡಿಸಿದೆವು. ಅತ್ತೆ ಚೀಲ ಹಿಡಿದು ಹೊರಟಳು. ಅಜ್ಜಿ, ಅಮ್ಮ, ನಾನು ಹಿಂದೆ. ಎರಡನೇ ಮಹಡಿಯಲ್ಲಿ ಕೆಳಮನೆಯಾಕೆ ಕಸದ ಬುಟ್ಟಿ ಹಿಡಿದು ನಿಂತಿದ್ದಳು. ಆಕೆಯ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಬೀದಿ ಸುತ್ತಿ ಬರುವುದೆಂದು ಎಲ್ಲರಿಗೂ ಗೊತ್ತು.

"ಎಲ್ಲಿಗೆ ಪಯಣ?" ಎಂದಳು ಆಕೆ.

ಅಜ್ಜಿ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಹೇಳಿಯಾಗಿತ್ತು: "ಆಸ್ಪತ್ರೆಗೆ. ಮಾತ್ರೆ ಚಟಕ್ಕೆ ಬಿದ್ದಿದ್ದೀನಿ, ಬಿಡಿಸಿಕೊಳ್ಳೋಕೆ ಹೋಗ್ತಿದ್ದೀನಿ. ನಾನು ಬರೋವರೆಗೂ ನನ್ನ ಹೂವಿನ ಕುಂಡಗಳಿಗೆ ನೀರು ಹಾಕ್ತೀರಾ? ಇವರಿಗೆ ನೆನಪಿರಲ್ಲ."

ಕೆಳಮನೆಯಾಕೆ ಕಸದ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ದಿನಾ ಹಾಕ್ಬೇಕಾ, ದಿನ ಬಿಟ್ಟು ದಿನಾನಾ?" ಎಂದಳು.

ಆ ವಾರಗಳ ಬಗ್ಗೆ ಅತ್ತೆ ಹೆಚ್ಚು ಹೇಳುತ್ತಿರಲಿಲ್ಲ. ಮೂಳೆಗಳೆಲ್ಲ ಬೇರೆಯವರದ್ದು ಎನ್ನಿಸುತ್ತಿತ್ತಂತೆ. ಗೋಡೆಯ ಬಣ್ಣ ನೋಡಿದರೂ ಅಳು ಬರುತ್ತಿತ್ತಂತೆ. ಭಾನುವಾರ ನಾವು ನೋಡಲು ಹೋದರೆ ತೋಟದ ಬೆಂಚಿನ ಮೇಲೆ ಶಾಲು ಹೊದ್ದು ಕುಳಿತಿರುತ್ತಿದ್ದಳು, ನೆರಳಿನಷ್ಟು ತೆಳ್ಳಗೆ. ಪಕ್ಕದಲ್ಲಿ ಯಾವಾಗಲೂ ಯಾರಾದರೊಬ್ಬರು. ಒಬ್ಬ ಮೇಷ್ಟ್ರು, ಒಬ್ಬ ಲಾರಿ ಡ್ರೈವರ್, ಮಗುವಿನ ಚಿತ್ರ ಎದೆಗೆ ಒತ್ತಿಕೊಂಡಿರುತ್ತಿದ್ದ ಒಬ್ಬ ಹುಡುಗಿ. "ಇವರೆಲ್ಲ ನಮ್ಮ ಹಾಗೇ ಇದ್ದಾರಲ್ಲ," ಎಂದು ಅಮ್ಮ ಹೊರಗೆ ಬಂದಮೇಲೆ ಆಶ್ಚರ್ಯದಿಂದ ಹೇಳಿದಳು. ತಲೆಯ ಮೇಲೆ ಕೊಂಬಿರುವವರನ್ನು ನಿರೀಕ್ಷಿಸಿದ್ದಳೋ ಏನೋ.

ಅತ್ತೆ ಮನೆಗೆ ಬಂದಳು. ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಕೆಲವು ತಿಂಗಳ ಮೇಲೆ, ಎಲ್ಲರೂ ಸಂಜೆಯ ಊಟಕ್ಕೆ ಕುಳಿತಿದ್ದಾಗ ಅವಳು ನೀರಿನ ಲೋಟ ಕೆಳಗಿಟ್ಟು, "ಮೊನ್ನೆ ಮತ್ತೆ ತಗೊಂಡೆ," ಎಂದಳು.

ಅಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು. "ಅದನ್ನ ಊಟಕ್ಕೆ ಕೂತಾಗಲೇ ಹೇಳಬೇಕಾ?"

"ಊಟಕ್ಕೆ ಕೂತಾಗ ಮಾತ್ರ ಎಲ್ಲರೂ ಒಟ್ಟಿಗೆ ಇರ್ತೀರಿ."

"ಮಾನ ಮರ್ಯಾದೆ ಇಟ್ಕೊಂಡು ಬಾಳಿದ ಮನೆ ಇದು. ಮೆಟ್ಟಿಲ ಮೇಲೆ ಸಾರಿಕೊಂಡು ಹೋದೆ, ಸುಮ್ನಿದ್ದೆ. ಈಗ ದಿನಾ ಇದೇ ಪುರಾಣನಾ? ನಿಮ್ಮಪ್ಪ ಇದ್ದಿದ್ರೆ…"

"ಅಪ್ಪ ಇದ್ದಿದ್ರೆ ಏನಮ್ಮ?"

ಅಜ್ಜಿ ತಟ್ಟೆಯಿಂದ ಕೈ ತೆಗೆದಳು. ಬೆರಳಿಗೆ ಅಂಟಿದ್ದು ಒಣಗುತ್ತಿದ್ದರೂ ತೊಳೆಯಲು ಏಳಲಿಲ್ಲ. ನಾವು ತಿನ್ನುವುದನ್ನು ನಿಲ್ಲಿಸಿದ್ದೆವು. ಕೊನೆಗೆ ಅವಳು ತಗ್ಗಿದ ದನಿಯಲ್ಲಿ ಹೇಳಿದಳು:

"ಅವರು ಇದ್ದಿದ್ರೆ ನಿನ್ನ ಪಕ್ಕ ಕೂತು ಅಳ್ತಿದ್ರು."

ನನ್ನ ತಾತ ದಮ್ಮಿನಿಂದ ತೀರಿಕೊಂಡರೆಂದು ನಾವೆಲ್ಲ ನಂಬಿದ್ದೆವು. ಅಪ್ಪನೂ ಹಾಗೇ ನಂಬಿದ್ದ. ತಾತನಿಗೆ ದಮ್ಮು ಇರಲೇ ಇಲ್ಲ ಎಂದಳು ಅಜ್ಜಿ. ಕುಡಿತ ಇತ್ತು. ಒಳ್ಳೆಯ ಮನುಷ್ಯ, ಕೈಯೆತ್ತಿದವರಲ್ಲ, ದನಿಯೆತ್ತಿದವರಲ್ಲ. ಮೂಲೆಯಲ್ಲಿ ಕುಳಿತು ಕುಡಿದು ಮೂಲೆಯಲ್ಲೇ ಕರಗಿದರು. ಬಂದವರಿಗೆ ಗೊತ್ತಾಗದಿರಲೆಂದು ಅಜ್ಜಿ ಘಾಟು ಎಣ್ಣೆಯ ಸೀಸೆಯೊಂದನ್ನು ಸದಾ ಕೈಗೆಟಕುವಂತೆ ಇಟ್ಟಿರುತ್ತಿದ್ದಳು. ಯಾರಾದರೂ ಬಾಗಿಲು ಬಡಿದರೆ ತಕ್ಷಣ ಗಂಡನ ಎದೆಗೆ ತಿಕ್ಕುತ್ತಿದ್ದಳು. ಒಂದು ವಾಸನೆಯನ್ನು ಇನ್ನೊಂದು ವಾಸನೆ ಮುಚ್ಚುತ್ತಿತ್ತು.

"ಇಲ್ಲದ ಕಾಯಿಲೆಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಅಂಗೈ ಸವೀತು," ಎಂದಳು ಅಜ್ಜಿ. "ಡಾಕ್ಟ್ರಿಗೂ ದಮ್ಮು ಅಂತಲೇ ಹೇಳಿದೆ. ಅವರೂ ದಮ್ಮಿಗೇ ಔಷಧಿ ಕೊಟ್ರು. ಜನ ಏನಂತಾರೋ, ಮಕ್ಕಳನ್ನ ಯಾರು ಏನಂತಾರೋ ಅಂತ… ಬಾಯಿಬಿಟ್ಟು ಹೇಳಿದ್ರೆ ಬದುಕ್ತಿದ್ರೋ ಏನೋ. ಗೊತ್ತಿಲ್ಲ. ಹೇಳಲಿಲ್ಲ."

ಅತ್ತೆ ಎದ್ದುಬಂದು ಅವಳ ಪಕ್ಕ ಕುಳಿತಳು. "ಆ ಎಣ್ಣೆ ವಾಸನೆ ಬಂದ್ರೆ ಈಗಲೂ ಅಪ್ಪ ಬಂದ ಹಾಗಾಗುತ್ತೆ ನನಗೆ," ಎಂದಳು. "ಅದು ಅಪ್ಪನದೇ ವಾಸನೆ ಅಂದ್ಕೊಂಡಿದ್ದೆ." ಅಜ್ಜಿಯ ಒಣಗಿದ ಕೈಯನ್ನು ತನ್ನ ಲೋಟದ ನೀರಿನಿಂದ ತೊಳೆದಳು, ಮಗುವಿಗೆ ತೊಳೆದಂತೆ. ಅಪ್ಪ ಹೊರಗಿನ ಪಡಸಾಲೆಗೆ ಹೋಗಿ ನಿಂತ. ಅವನ ಬೆನ್ನು ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಅಣೆಕಟ್ಟೆ ಒಮ್ಮೆ ಒಡೆದಮೇಲೆ ನೀರಿಗೆ ತಡೆಯೆಲ್ಲಿ? ಅಜ್ಜಿ ಅತ್ತೆಯನ್ನೂ ಮೀರಿಸಿಬಿಟ್ಟಳು. ಹಾಲಿನವನು, ತರಕಾರಿಯವಳು, ವಿಳಾಸ ಕೇಳಲು ಬಂದ ದಾರಿಹೋಕ, ಯಾರು ಸಿಕ್ಕರೂ, "ನನ್ನ ಯಜಮಾನರಿಗೆ ಕುಡಿತ ಇತ್ತು, ಮಗಳಿಗೆ ಮಾತ್ರೆ ಇತ್ತು. ನಿಮ್ಮ ಮನೇಲಿ ಏನು?" ಎಂದು ಕೇಳಲು ಶುರುಮಾಡಿದಳು. "ಅಮ್ಮಾ, ಅವನು ಹಾಲು ಹಾಕೋಕೆ ಬಂದಿದ್ದು!" ಎಂದು ಅತ್ತೆ ತಲೆ ಹಿಡಿದುಕೊಳ್ಳುತ್ತಿದ್ದಳು. ವಿಚಿತ್ರವೆಂದರೆ, ಹಾಲಿನವನು ತಂಬಿಗೆ ಕೆಳಗಿಟ್ಟು ಅಜ್ಜಿಯ ಎದುರು ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದ.

ಅತ್ತೆ ಆಮೇಲೂ ಎಡವಿದ್ದುಂಟು. ಪ್ರತಿ ಸಲ ಹೇಳಿದಳು, ಪ್ರತಿ ಸಲ ಆ ವಾರ್ಡಿಗೆ ತಾನೇ ನಡೆದು ಹೋದಳು. ಹೇಳುವುದಕ್ಕೂ ಬೀಳುವುದಕ್ಕೂ ನಡುವಿನ ಹೊತ್ತು ಕಡಿಮೆಯಾಗುತ್ತ ಬಂತು. ಕೊನೆಕೊನೆಗೆ ಬೀಳುವ ಮೊದಲೇ ಹೇಳುತ್ತಿದ್ದಳು: "ಇವತ್ತು ಮನಸ್ಸು ಆ ಕಡೆ ಎಳೀತಿದೆ. ಯಾರಾದ್ರೂ ನನ್ನ ಜೊತೆ ವಾಕಿಂಗ್ ಬನ್ನಿ." ಯಾರಾದರೂ ಹೋಗುತ್ತಿದ್ದೆವು.

ಇಸ್ತ್ರಿಮನೆಯ ಮೇಲ್ವಿಚಾರಕ ಅವಳನ್ನು ಕಾದ ಉರುಳೆಯ ಹತ್ತಿರ ಮತ್ತೆ ಬಿಡಲಿಲ್ಲ, ಮಡಿಸುವ ಮೇಜಿಗೆ ಹಾಕಿದ. ಅಲ್ಲಿ ಕೆಲವರು ಅವಳಿಗೆ "ಮಾತ್ರಮ್ಮ" ಎಂದು ಹೆಸರಿಟ್ಟರು. "ಇರಲಿ ಬಿಡು, ಕರೆದ್ರೆ ಓ ಅಂತೀನಿ. ಬಾಯಿಗೆ ಬೀಗ ಇಲ್ಲ ಅವರಿಗೆ, ನನಗೂ ಇಲ್ಲ," ಎಂದಳು ಅತ್ತೆ.

ದೊಡ್ಡ ಹೊದಿಕೆಯನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಜಗ್ಗಿ, ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಿ, ಮತ್ತೆ ದೂರ ಸರಿಯಬೇಕು. ಕೈಗೆ ಕೆಲಸ, ಕಣ್ಣು ಬಟ್ಟೆಯ ಮೇಲೆ. ಮುಖ ನೋಡದೆ ಮಾತಾಡಬಹುದು. ಮೊದಲು ಉದ್ದಕ್ಕ ಬಂದಳು. ಮಗನ ಜೇಬಿನಲ್ಲಿ ಏನು ಸಿಕ್ಕಿತೆಂದು ಹೊದಿಕೆಗೆ ಹೇಳುವಂತೆ ಹೇಳಿದಳು. ಆಮೇಲೆ ಪಾತ್ರೆ ತೊಳೆಯುವಾಕೆ. ಆಮೇಲೆ ಪೆಟ್ಟಿಗೆ ಹೊರುವವನು, ಬೆಳಗಿನ ಗುಟುಕು ಬೀಳದೆ ಕೈ ನಡುಕ ನಿಲ್ಲದವನು. ಒಂದು ಮಧ್ಯಾಹ್ನ ಮೇಲ್ವಿಚಾರಕನೇ ಕೋಟು ಬಿಚ್ಚಿಟ್ಟು, "ಹೇಗೆ ಮಡಿಸ್ತೀರಿ ನೋಡೋಣ," ಎಂದು ಬಂದು ನಿಂತ. ಒಂದೇ ಮೇಜುಬಟ್ಟೆಯನ್ನು ಅವರಿಬ್ಬರೂ ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಲೇ ಇದ್ದರೆಂದು ಉದ್ದಕ್ಕ ನನಗೆ ಹೇಳಿದಳು. ಅಂದಿನಿಂದ ಇಸ್ತ್ರಿಮನೆಯಲ್ಲಿ ಮಾತ್ರಮ್ಮ ಎಂಬ ಹೆಸರು ಕೇಳಿಸಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಅತ್ತೆಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಅಪ್ಪ ಯಾರ ಬಗ್ಗೆಯೋ, "ಆ ಕುಡುಕ ಇದ್ದಾನಲ್ಲ," ಎಂದು ಮಾತು ತೆಗೆದ.

"ಜ್ವರ ಬಂದವನನ್ನ ಜ್ವರಗ ಅಂತೀಯಾ?" ಎಂದಳು ಅತ್ತೆ. "ಕೆಮ್ಮೋನನ್ನ ಕೆಮ್ಮುಕ ಅಂತೀಯಾ? ಅವನು ಒಳ್ಳೆ ಬಡಗಿ, ನಮ್ಮ ಮನೆ ಕಿಟಕಿ ಮಾಡಿದವನು. ಬಡಗಿ ಅನ್ನು. ಆಮೇಲೆ ಬೇಕಾದ್ರೆ ಅವನಿಗೆ ಕುಡಿತದ ತೊಂದರೆ ಇದೆ ಅನ್ನು."

ಅಪ್ಪ, "ಸರಿ ತಾಯಿ, ಬಡಗಿ," ಎಂದ.

ಎಲ್ಲರೂ ದಡ ಸೇರಲಿಲ್ಲ. ಪೆಟ್ಟಿಗೆ ಹೊರುವವನು ಕೆಲಸ ಬಿಟ್ಟ. ಅತ್ತೆ ಅವನ ಕೋಣೆ ಹುಡುಕಿಕೊಂಡು ಹೋದರೆ ಬಾಗಿಲು ತೆರೆಯಲಿಲ್ಲ. ಅವಳು ಹೊರಗಿನ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಿ ಅರ್ಧ ತಿಂದು, ಉಳಿದರ್ಧವನ್ನು ಬಾಗಿಲ ಬಳಿ ಇಟ್ಟು ಬಂದಳು. ಹೀಗೆ ಎಷ್ಟೋ ಭಾನುವಾರ. ಒಂದು ಭಾನುವಾರ ಆ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಅವನು ಸತ್ತನೋ ಊರು ಬಿಟ್ಟನೋ ಗೊತ್ತಾಗಲೇ ಇಲ್ಲ. ಅವತ್ತು ಅವಳು ತುಂಬ ಹೊತ್ತು ಅಡುಗೆಮನೆಯಲ್ಲಿ ಒಬ್ಬಳೇ ನಿಂತಿದ್ದಳು.

ಅಜ್ಜಿ ತೀರಿಕೊಂಡಳು. ಹೋಟೆಲಿನವರು ಬಟ್ಟೆಯನ್ನು ಹೊರಗಿನ ಕಂಪನಿಗೆ ಕೊಟ್ಟು ನೆಲಮಾಳಿಗೆಯನ್ನು ಕಾರು ನಿಲ್ಲಿಸುವ ಜಾಗ ಮಾಡಿದರು. ಅತ್ತೆ ನಿವೃತ್ತಳಾಗಿ ನನ್ನ ಮನೆಯಲ್ಲಿದ್ದಳು. ಎಪ್ಪತ್ತರ ಹತ್ತಿರ ಅವಳ ಸೊಂಟದ ಕೀಲು ಬದಲಾಯಿಸಬೇಕಾಗಿ ಬಂತು. ಶಸ್ತ್ರಚಿಕಿತ್ಸೆಗೆ ಮೊದಲು ಡಾಕ್ಟರು ಬಾಯಿ ತೆರೆಯುವ ಮುಂಚೆಯೇ ಅವಳು ಹೇಳಿದಳು: "ನೋಡಪ್ಪ, ನನಗೆ ನೋವಿನ ಮಾತ್ರೆ ಚಟ ಇತ್ತು. ನೋವಂತೂ ಆಗುತ್ತೆ, ಮಾತ್ರೆ ಬೇಕಾಗುತ್ತೆ. ಕೊಡಿ. ಆದ್ರೆ ಡಬ್ಬಿ ನನ್ನ ಕೈಗೆ ಬೇಡ, ಇವಳ ಕೈಗೆ ಕೊಡಿ."

ಆ ಚಳಿಗಾಲದ ಮಧ್ಯಾಹ್ನಗಳು ನನಗೆ ಈಗ ಎಲ್ಲಕ್ಕಿಂತ ಹೆಚ್ಚು ನೆನಪಾಗುತ್ತವೆ. ಬಿಸಿಲು ಬೀಳುವ ಕಿಟಕಿಯ ಬಳಿ ಅವಳ ಕುರ್ಚಿ, ನನ್ನದು ಪಕ್ಕದಲ್ಲಿ. ಡಬ್ಬಿ ನನ್ನ ಬೀರುವಿನಲ್ಲಿ. "ಹೊತ್ತಾಯ್ತಾ ಪುಟ್ಟಿ?" ಎನ್ನುತ್ತಿದ್ದಳು. "ಇನ್ನೂ ಇಲ್ಲ ಅತ್ತೆ." "ಗಡಿಯಾರ ನಿಂತಿದೆಯೇನೋ ನೋಡು." "ನಡೀತಿದೆ." "ಪಾಪಿ, ನಿನ್ನ ಜಡೆ ಹೆಣೆದ ಕೈ ಇದು!" ಎಂದು ಬೈದು, ನಗಲು ಹೋಗಿ ನೋವಾಗಿ, ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಭಯ ಅವಳಿಗೂ ಇತ್ತು, ನನಗೂ ಇತ್ತು. ಭಯವಾಗುತ್ತಿದೆ ಎಂದು ಇಬ್ಬರೂ ಹೇಳಿಕೊಳ್ಳುತ್ತಿದ್ದೆವು. ಬೇರೇನೂ ಉಪಾಯ ಮಾಡಲಿಲ್ಲ.

ನೋವು ಇಳಿಯಿತು. ಉಳಿದ ಮಾತ್ರೆಗಳನ್ನು ಮನೆಯಲ್ಲಿಡುವುದು ಬೇಡವೆಂದು, ಕೋಲು ಊರಿಕೊಂಡು ನನ್ನ ಜೊತೆ ಔಷಧಿ ಅಂಗಡಿಗೆ ನಡೆದಳು.

"ಮಾರಿದ್ದನ್ನ ವಾಪಸ್ ತಗೊಳಲ್ಲ ಅಜ್ಜಿ," ಎಂದ ಅಂಗಡಿಯವನು.

"ದುಡ್ಡು ಕೊಡು ಅಂದೆನಾ? ಎಸೀಬೇಕಾದ ಕಡೆ ಎಸಿ ಅಂತ ಕೊಡ್ತಿದ್ದೀನಿ. ನನಗೆ ಇದರ ಚಟ ಇತ್ತು. ಮನೇಲಿಟ್ರೆ ಹೆಸರು ಹಿಡಿದು ಕೂಗುತ್ತೆ."

ಸಾಲಿನಲ್ಲಿದ್ದವರು ನಕ್ಕರು. ಅಂಗಡಿಯವನೂ ನಕ್ಕು ಡಬ್ಬಿ ತೆಗೆದುಕೊಂಡ. ನಾವು ಹೊರಗೆ ಬಂದು ಸ್ವಲ್ಪ ದೂರ ಹೋಗಿರಬೇಕು, ಹಿಂದಿನಿಂದ ಬೇಗಬೇಗ ಹೆಜ್ಜೆ ಸಪ್ಪಳ. ಆಫೀಸಿನ ಬಟ್ಟೆಯಲ್ಲಿದ್ದ ಒಬ್ಬ ಹೆಂಗಸು, ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದವಳು. ಅವಳು ನಕ್ಕಿರಲಿಲ್ಲ.

"ಅಜ್ಜಿ," ಎಂದಳು. "ನೀವು ಅಲ್ಲಿ ಹೇಳಿದ್ರಲ್ಲ…"

ಅತ್ತೆ ಅವಳ ಮುಖ ನೋಡಿ ನನ್ನ ಕಡೆ ತಿರುಗಿದಳು. "ಪುಟ್ಟಿ, ನೀನು ಹಣ್ಣಿನ ಅಂಗಡಿ ಹತ್ರ ಇರು. ಬರ್ತೀನಿ."

ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕುಳಿತರು. ನಾನು ಹಣ್ಣಿನ ಅಂಗಡಿಯ ಮುಂದೆ ನಿಂತೆ. ಬಸ್ಸೊಂದು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಆ ಹೆಂಗಸು ಮಾತಾಡುತ್ತಿದ್ದಳು, ಅತ್ತೆ ಕೋಲಿನ ಮೇಲೆ ಗಲ್ಲ ಊರಿ ಕೇಳುತ್ತಿದ್ದಳು. ಮೂರನೇ ಬಸ್ಸಿಗೆ ಆ ಹೆಂಗಸು ಕಣ್ಣೊರೆಸಿಕೊಂಡು ಹತ್ತಿದಳು. ಅತ್ತೆ ನಿಧಾನವಾಗಿ ನನ್ನ ಕಡೆ ಬಂದಳು.

"ಏನಂತೆ ಅತ್ತೆ?"

"ಅವಳ ಮಾತು ಅವಳದು," ಎಂದಳು ಅತ್ತೆ. "ನನ್ನದು ಬೇಕಾದ್ರೆ ಎಷ್ಟು ಬೇಕಾದ್ರೂ ಕೇಳು, ಹೇಳ್ತೀನಿ." ಆಮೇಲೆ ದ್ರಾಕ್ಷಿ ಗೊಂಚಲೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಹುಳಿಯೋ ಸಿಹಿಯೋ ಎಂದು ಅಂಗಡಿಯವನ ಜೊತೆ ವಾದಕ್ಕೆ ನಿಂತಳು.